ಎಂಜಿನ್ ಬದಲಿಸಲು ಹೊರಟಾಗ

ದಿನಾ ಧಾರವಾಡದ ಆಫೀಸಿಗೆ ನಾನು ಹೋಗುವುದು ಅಪ್ಪನ ಕಾಲದ ಕಾರಿನಲ್ಲಿ. ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ, ಮಾರಲು ಮನಸ್ಸಿಲ್ಲ. ಡೀಸೆಲ್ ಎಂಜಿನ್ ಕೂರಿಸೋಣವೆಂದು ಕಮರಿಪೇಟೆಯ ಮೆಕ್ಯಾನಿಕ್ ಕಾಕಾನ ಬಳಿ ಹೋದೆ.

“ಮೊದಲ ಒಂದ್ ಸುತ್ತ ಹೋಗಿ ಬರೂಣ ನಡೀರಿ” ಎಂದು ಅವರು ಪಕ್ಕದಲ್ಲಿ ಕೂತರು.

ದಾರಿಯಲ್ಲಿ ಪರಿಚಯದವರು ಕಂಡಲ್ಲೆಲ್ಲ ನಿಲ್ಲಿಸಿ, ಗಾಜು ಇಳಿಸಿ, “ಆರಾಮ ಅದೀರೇನ್ರಿ?” ಎಂದು ಮಾತಿಗಿಳಿದೆ. ಸುಮ್ಮನೆ ಹೋದರೆ ಸೊಕ್ಕು ಅಂತಾರೆ. ಎಂಜಿನ್ ಬಂದ್ ಮಾಡಿದರೆ ಚಹಾಕ್ಕೆ ಎಳೆದೊಯ್ಯುತ್ತಾರೆ. ಅದಕ್ಕೇ ಚಾಲೂ ಇಟ್ಟಿರುತ್ತೇನೆ.

ಉಣಕಲ್ಲಿನಲ್ಲಿ ನಾಲ್ಕನೇ ಸಲ ನಿಲ್ಲಿಸಿದಾಗ ಕಾಕಾ ನಕ್ಕುಬಿಟ್ಟರು. “ಎಂಜಿನ್ ಛಲೋ ಐತ್ರಿ ಸಾಹೇಬ್ರ. ಡೀಸೆಲ್ ಹಾಕಿದ್ರ ಅದೂ ಹಿಂಗ ನಿಂತಲ್ಲೇ ಉರಿತೈತಿ. ಮಾತಾಡೋಮುಂದ ಚಾವಿ ತಿರುವ್ರಿ, ಅಷ್ಟ ಸಾಕು.”

ನಾಚಿಕೆಯಾಯಿತು. ಅಪ್ಪನ ಎಂಜಿನ್ ಉಳಿಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಬೈರಿದೇವರಕೊಪ್ಪದಲ್ಲಿ ಕಾಕಾನ ಬೀಗರು ತಮ್ಮ ಮನೆ ಮುಂದೆ ನಿಂತಿದ್ದರು. “ಒಂದ್ ನಿಮಿಷ ನಿಂದರಸ್ರಿ” ಎಂದ ಕಾಕಾ, ಕಿಟಕಿಯಿಂದ ತಲೆ ಹೊರಹಾಕಿ ಮೊಮ್ಮಕ್ಕಳಿಂದ ಹಿಡಿದು ಮೊಣಕಾಲು ನೋವಿನವರೆಗೆ ವಿಚಾರಿಸತೊಡಗಿದರು. ನಾನು ವಿಧೇಯನಾಗಿ ಚಾವಿ ತಿರುವಿದೆ.

ಸದ್ದು ನಿಂತದ್ದೇ ಕಾಕಾ ಗಾಬರಿಯಾಗಿ ನನ್ನತ್ತ ತಿರುಗಿದರು. “ಚಾಲೂ ಮಾಡ್ರಿ, ಲಗೂ!”

ಅಷ್ಟರಲ್ಲಿ ಬೀಗರು ಕಾರಿನ ಬಾಗಿಲು ತೆಗೆದೇಬಿಟ್ಟಿದ್ದರು.