ಹತ್ತು ಮೂವತ್ತೇಳರ ಮಾಂಗಲ್ಯ

ಚೆನ್ನೈ ವೆಸ್ಟ್ ಮಾಂಬಲಂನ ಹನುಮಂತಯ್ಯನವರು ರೈಲ್ವೆಯಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಸಮಯದ ಹುಚ್ಚು ಮಾತ್ರ ನಿವೃತ್ತಿಯಾಗಿರಲಿಲ್ಲ. ಮೂವತ್ತನಾಲ್ಕು ವರ್ಷ ಯಾವ ಗಾಡಿ ಎಷ್ಟು ಹೊತ್ತಿಗೆ ಬಂತೆಂದು ಬರೆದವರು, ಮೇಲಧಿಕಾರಿ ಕಣ್ಣು ಮಿಟುಕಿಸಿದರೂ ಒಂದು ನಿಮಿಷ ಆಚೀಚೆ ಬರೆದವರಲ್ಲ. ಅಂಥವರ ಕೈಗೆ ಫೋಟೊ ಜೋಡಿಸುವ ಸಾಫ್ಟ್‌ವೇರ್ ಸಿಕ್ಕರೆ ಕೇಳಬೇಕೆ?

೨೦೦೬ರಲ್ಲಿ ಮಗಳು ವಿಭಾಳ ಮದುವೆಯಾಯಿತು. ಆರುನೂರು ಫೋಟೊಗಳಲ್ಲಿ ಅರ್ಧ ಅವರ ಕ್ಯಾಮೆರಾದವು, ಅರ್ಧ ತಂಗಿಯ ಮಗ ರಘುರಾಮನ ಕ್ಯಾಮೆರಾದವು. ಎರಡನ್ನೂ ಸೇರಿಸಿ ಸಮಯದ ಪ್ರಕಾರ ಜೋಡಿಸಿದರೆ ಎಲ್ಲ ಅಯೋಮಯ. ವರ ಕಾಶಿಯಾತ್ರೆಗೆ ಹೊರಡುವ ಮೊದಲೇ ವಾಪಸು ಬಂದುಬಿಟ್ಟಿದ್ದ. ಹಾರ ಬದಲಾಯಿಸುವುದನ್ನು ಇಬ್ಬರೂ ತೆಗೆದಿದ್ದರು: ಇವರ ಕ್ಯಾಮೆರಾದಲ್ಲಿ ಹತ್ತು ಇಪ್ಪತ್ತು, ರಘುರಾಮನದರಲ್ಲಿ ಒಂಬತ್ತು ಐವತ್ತೈದು. ಹನುಮಂತಯ್ಯನವರದು ಅಂದು ಬೆಳಿಗ್ಗೆಯೇ ಸ್ಟೇಷನ್ ಗಡಿಯಾರಕ್ಕೆ ಸರಿಮಾಡಿಟ್ಟ ಕ್ಯಾಮೆರಾ. ತಪ್ಪು ಯಾರದೆಂದು ಬೇರೆ ಹೇಳಬೇಕಿಲ್ಲ. ರಘುರಾಮನ ಫೋಟೊಗಳಿಗೆಲ್ಲ ಒಟ್ಟಿಗೆ ಇಪ್ಪತ್ತೈದು ನಿಮಿಷ ಕೂಡಿಸಿ, ಕಾಫಿ ಹೀರಿದರು.

ಆಮೇಲೆ ಕಣ್ಣಿಗೆ ಬಿತ್ತು ಮಾಂಗಲ್ಯಧಾರಣೆಯ ಫೋಟೊ. ಅದನ್ನು ತೆಗೆದವನು ರಘುರಾಮನೊಬ್ಬನೇ. ಹತ್ತು ಹನ್ನೆರಡು ಇದ್ದದ್ದು ಈಗ ಹತ್ತು ಮೂವತ್ತೇಳು. ಮದುವೆ ಶುಕ್ರವಾರ; ಹತ್ತೂವರೆಗೇ ರಾಹುಕಾಲ ಹಿಡಿದಿತ್ತು. ಹನುಮಂತಯ್ಯನವರು ಕಾಫಿ ಲೋಟ ಕೆಳಗಿಟ್ಟರು.

ವಿಭಾಳ ಅತ್ತೆ, ಕೀಲ್ಪಾಕಿನ ಭೀಮಾಬಾಯಿ, ರಾಹುಕಾಲದಲ್ಲಿ ಫೋನ್ ಹೊಡೆದುಕೊಂಡರೂ ಎತ್ತುವವರಲ್ಲ. ಇನ್ನೊಂದು ಗಂಟೆಯಲ್ಲಿ ಫೋಟೊ ನೋಡಲು ಅವರೇ ಬರುವವರಿದ್ದರು. ನಾಳೆ ಆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಸೊಸೆಯ ಮಾಂಗಲ್ಯದ ಕಡೆ ಬೆರಳು ತೋರಿಸಿಯಾರು ಎಂದು ಹನುಮಂತಯ್ಯನವರಿಗೆ ನಿಜಕ್ಕೂ ಭಯವಾಯಿತು.

ತವರಿಗೆ ಬಂದಿದ್ದ ವಿಭಾ ಇಣುಕಿ ನೋಡಿದಳು. "ಪರವಾಯಿಲ್ಲೆಪ್ಪಾ, ಹಳೇ ಟೈಮೇ ಹಾಕಿಡಿ."

"ಅದು ಸುಳ್ಳು ಟೈಮಮ್ಮಾ."

"ನಿಜ ಹೇಳಿ ನಾನು ಬೈಸ್ಕೋಬೇಕಾ?"

ಅವರು ಮೌಸ್ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಭೀಮಾಬಾಯಿ ಅರ್ಧ ಗಂಟೆ ಮೊದಲೇ ಬಂದಿದ್ದರು. ನೇರ ಕಂಪ್ಯೂಟರಿನ ಮುಂದೆ ಕೂತು, ಕನ್ನಡಕ ಏರಿಸಿ, ಫೋಟೊ ನೋಡಿದರು. ಅದರ ಕೆಳಗಿನ ಅಂಕಿಯನ್ನೂ ನೋಡಿದರು.

"ಬೀಗರೇ, ಈ ಟೈಮು ಸರಿನಾ?"

ಹನುಮಂತಯ್ಯನವರು ಮಗಳ ಕಡೆ ನೋಡಿದರು. ಆದರೂ, "ಸರಿ. ನಾನೇ ತಿದ್ದಿದ್ದು," ಎಂದರು.

"ನಂಗೊತ್ತಿತ್ತು. ಅವತ್ತೇ ವಾಚ್ ನೋಡ್ಕೊಂಡೆ. ನೋಡಿ, ಬಿಚ್ಚಿ ಪರ್ಸ್‌ಗೆ ಹಾಕ್ಕೊಂಡೆ." ಭೀಮಾಬಾಯಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಮದುವೆ ಒಂದು ನಿಮಿಷ ಹೆಚ್ಚುಕಮ್ಮಿ ಆಗದೆ ಒಳ್ಳೇ ಮುಹೂರ್ತದಲ್ಲೇ ಆಯ್ತು. ಹನ್ನೊಂದು ವರ್ಷಕ್ಕೆ ಅವರು ಹೋದ್ರು. ಮಿಕ್ಕಿದ್ದಕ್ಕೆಲ್ಲ ರಾಹುಕಾಲ ನೋಡ್ತೀನಿ, ಅಭ್ಯಾಸ. ಈ ಮಕ್ಕಳ ವಿಷಯದಲ್ಲಿ ನೋಡೋದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ."

ವಿಭಾ ಅತ್ತೆಯ ಕುರ್ಚಿಗೆ ಒರಗಿ ನಿಂತಳು.

"ಆದ್ರೆ ನಮ್ಮ ಓರಗಿತ್ತಿ ಲೀಲಮ್ಮನ ಬಾಯಿಗೆ ಬೀಗ ಇಲ್ಲ," ಎಂದರು ಭೀಮಾಬಾಯಿ. "ಅವಳು ಇದನ್ನ ನೋಡಿದ್ರೆ ಈ ಹುಡುಗೀನ ಜನ್ಮಪೂರ್ತಿ ಬಿಡೋದಿಲ್ಲ. ಇದೊಂದಕ್ಕೆ ಬೇರೆ ಟೈಮ್ ಹಾಕೋಕೆ ಬರುತ್ತಾ?"

ಬರುತ್ತಿತ್ತು. ಹನುಮಂತಯ್ಯನವರು ಆ ಒಂದು ಫೋಟೊ ಆರಿಸಿ, ಹತ್ತು ಹನ್ನೆರಡು ಎಂದು ಒತ್ತಿದರು. ಫೋಟೊ ಮೇಲಕ್ಕೆ ಹಾರಿ, ಹಾರ ಬದಲಾಯಿಸುವುದಕ್ಕಿಂತ ಮುಂಚೆ ಹೋಗಿ ಕೂತಿತು.

"ಅಪ್ಪಾ, ಆರ್ಡರ್ ತಪ್ಪಾಯ್ತು," ಎಂದಳು ವಿಭಾ.

"ಇರ್ಲಿ ಬಿಡಮ್ಮಾ," ಎಂದು ಹನುಮಂತಯ್ಯನವರು ಬೀಗಿತ್ತಿಗೆ ಕಾಫಿ ತರಲು ಎದ್ದರು.