ಎತ್ತಬಾರದ ಫೋನು

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ರವಿಕೆ ಹೊಲಿಯುತ್ತಿದ್ದ ಸಿದ್ದಲಿಂಗಮ್ಮನವರು ೧೯೯೪ರಲ್ಲಿ ಗಿರಾಕಿಗಳಿಗೆಂದು ಮನೆಗೆ ಫೋನು ಹಾಕಿಸಿದರು. ಮರುವರ್ಷ ಅವರ ತಂಗಿ ಭಾಗ್ಯಮ್ಮ, ಅಣ್ಣಂದಿರು ಒಪ್ಪದವನನ್ನು ಮದುವೆಯಾಗಿ ಊರು ಬಿಟ್ಟಳು. ಆರು ತಿಂಗಳ ಮೇಲೆ ಒಂದು ಭಾನುವಾರ ಅವಳ ಫೋನು ಬಂತು.

“ಅಕ್ಕಾ, ಎಸ್‌ಟಿಡಿ ಬೂತಲ್ಲಿ ಕೆಲ್ಸಕ್ಕೆ ಸೇರ್ಕೊಂಡಿದೀನಿ. ಯಾವೂರು ಅಂತ ಕೇಳ್ಬೇಡ, ಅಣ್ಣಂದಿರು ಬಂದ್ಬುಡ್ತಾರೆ. ಬಲು ದೂರ ಕಣೇ, ಮೀಟ್ರು ಕುದುರೆ ಓಡ್ದಂಗೆ ಓಡ್ತದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂರು ಸಲ ರಿಂಗಾಗಿ ನಿಂತ್ರೆ ಚೆನ್ನಾಗಿದೀನಿ ಅಂದ್ಕೊ. ಎತ್ತಬೇಡ. ಎತ್ತಿದ್ರೆ ನನ್ನ ಸಂಬ್ಳದಲ್ಲಿ ಹಿಡೀತಾರೆ.”

ಎತ್ತದ ಕರೆಗೆ ಬಿಲ್ಲಿಲ್ಲ. ಐದು ವರ್ಷ ಅಕ್ಕತಂಗಿಯರ ಮಾತುಕತೆ ಆ ಮೂರು ರಿಂಗುಗಳೇ. ಹತ್ತಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಸಿದ್ದಲಿಂಗಮ್ಮ ಹೊಲಿಗೆ ಯಂತ್ರ ನಿಲ್ಲಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದು ಓದುತ್ತಿದ್ದ ನಾನು ಒಮ್ಮೆ ತಿಳಿಯದೆ ರಿಸೀವರಿಗೆ ಕೈ ಚಾಚಿದಾಗ ಅಳತೆಪಟ್ಟಿಯಿಂದ ಕೈಮೇಲೆ ಬಾರಿಸಿದ್ದರು.

೨೦೦೧ರಲ್ಲಿ ದಟ್ಟಗಳ್ಳಿಯಲ್ಲಿ ಅವರ ಸ್ವಂತ ಮನೆ ಎದ್ದಿತು. ಫೋನು ವರ್ಗಾಯಿಸುವ ಅರ್ಜಿ ಬರೆದುಕೊಟ್ಟವನು ನಾನೇ. ಟೆಲಿಫೋನ್ ಕಚೇರಿಯ ಕೌಂಟರಿನ ಗುಮಾಸ್ತ ಅದನ್ನು ಓದಿ, “ಅದು ಬೇರೆ ಎಕ್ಸ್‌ಚೇಂಜ್ ಕಣಮ್ಮ. ಲೈನ್ ಬರುತ್ತೆ, ನಂಬರ್ ಬರಲ್ಲ” ಎಂದ.

“ಸಿಟಿ ಬಸ್ಸಲ್ಲೇ ಹೋಗ್ಬರ್ತೀವಿ ಕಣ್ರೀ, ದಟ್ಟಗಳ್ಳಿ ಏನು ಪರದೇಶವಾ? ಅಲ್ಲಿಗೆ ಮಾಡಿದ್ರೂ ಲೋಕಲ್ ಕಾಲೇ ತಾನೇ?”

“ಬಿಲ್ಲಿಗೆ ಮೈಸೂರೆಲ್ಲ ಒಂದೇ ಊರು. ನಂಬರಿಗೆ ಅಲ್ಲ.”

ಸಿದ್ದಲಿಂಗಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ತಂಗಿಯ ವಿಳಾಸ ಅವರಲ್ಲಿರಲಿಲ್ಲ. ಅವಳಿಗೆ ಹೊಸ ನಂಬರು ಹೇಳಬೇಕೆಂದರೆ ಎತ್ತಬಾರದ ಆ ಫೋನನ್ನು ಎತ್ತಲೇಬೇಕಿತ್ತು. ಹಳೆಯ ಲೈನು ತೆಗೆಯಲು ಇನ್ನು ನಾಲ್ಕು ಭಾನುವಾರಗಳಿದ್ದವು.

ಮೊದಲ ಭಾನುವಾರ ಒಂದೇ ರಿಂಗಿಗೆ ಎತ್ತಿದರು. “ಭಾಗ್ಯಾ...” ಎನ್ನುವಷ್ಟರಲ್ಲಿ ಆ ಕಡೆ ಲೈನು ಕಡಿಯಿತು. ಮುಂದಿನ ಎರಡು ಭಾನುವಾರ ಫೋನು ಬಾಯಿ ಬಿಡಲಿಲ್ಲ.

“ಹೆದರ್ಕೊಂಬುಟ್ಳು. ನಾನೇ ಕೆಡಿಸ್ದೆ” ಎಂದು ಅವರು ಮದುವೆ ಮನೆಯವರ ರವಿಕೆಗೆ ಎಡತೋಳನ್ನೇ ಎರಡೂ ಕಡೆ ಹೊಲಿದಿಟ್ಟರು.

ಕಡೆಯ ಭಾನುವಾರ ಸಾಮಾನೆಲ್ಲ ಹೊಸಮನೆಗೆ ಹೋಗಿ, ಬರಿಯ ನೆಲದ ಮೇಲೆ ಫೋನೊಂದೇ ಉಳಿದಿತ್ತು. ಹತ್ತಕ್ಕೆ ರಿಂಗಾಯಿತು. ಮತ್ತೆ ಹೆದರಿಸಬಾರದೆಂದು ಸಿದ್ದಲಿಂಗಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಹಿಡಿದು ಕುಳಿತರು. ಎರಡು. ಮೂರು. ಇನ್ನು ನಿಲ್ಲುತ್ತದೆಂದು ಕಣ್ಣು ಮುಚ್ಚಿದರು. ನಾಲ್ಕನೆಯದೂ ಬಡಿಯಿತು.

ಎತ್ತಿದವರೇ ಹಲೋ ಎನ್ನದೆ ಹೊಸ ನಂಬರನ್ನು ಒಂದೇ ಉಸಿರಿಗೆ ಹೇಳಿದರು. ಆ ಕಡೆಯಿಂದ ಅದೇ ಅಂಕಿಗಳು ಒಂದೊಂದಾಗಿ ಮರಳಿ ಬಂದವು.

“ಅವತ್ತು ಎತ್ತಿದ್ದು ದೊಡ್ಡಣ್ಣನಾ ಅಕ್ಕಾ?”

“ನಾನೇ ಕಣೇ.”

“ನಿಂಗೇನೋ ಆಯ್ತು ಅಂತ... ಮೀಟ್ರು ಓಡ್ತಾ ಅದೆ, ಇಡ್ತೀನಿ.”

“ಓಡ್ಲಿ ಬುಡೇ! ಮಕ್ಕಳೆಷ್ಟು ನಿಂಗೆ?”

ಲೈನು ಆಗಲೇ ಕಡಿದಿತ್ತು.

ದಟ್ಟಗಳ್ಳಿಯ ಮನೆಯಲ್ಲಿ ಈಗಲೂ ಭಾನುವಾರ ಹತ್ತಕ್ಕೆ ಫೋನು ಮೂರು ಸಲ ರಿಂಗಾಗಿ ನಿಲ್ಲುತ್ತದೆ. ತಂಗಿ ಚೆನ್ನಾಗಿದ್ದಾಳೆ. ಆದರೂ ಸಿದ್ದಲಿಂಗಮ್ಮ ತಕ್ಷಣ ಏಳುವುದಿಲ್ಲ. ನಾಲ್ಕನೆಯದಕ್ಕೆಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರುತ್ತಾರೆ.