ಬಚ್ಚಲಿಗೆ ಸುರಿದ ಹರಳೆಣ್ಣೆ

ಮದುವೆಯಾಗಿ ಒಂಬತ್ತು ವರ್ಷಕ್ಕೆ, ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಹೊಟ್ಟೆಯ ವಿಚಾರಣೆ ಹಾಸನದ ಆಸ್ಪತ್ರೆಯಲ್ಲಿ ಶುರುವಾಯಿತು. ಐದು ದಿನಕ್ಕೊಮ್ಮೆ, ಅದೂ ಕಣ್ಣಲ್ಲಿ ನೀರು ಬರುವ ಹಾಗೆ ತಿಣುಕಿದರೆ ಮಾತ್ರ ಹೊಟ್ಟೆ ಸಡಿಲವಾಗುತ್ತಿತ್ತು. ಥೈರಾಯ್ಡಿನ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಗ್ಲೌಸು ಹಾಕಿ ಬೆರಳಿಟ್ಟು ನೋಡಿದ ಡಾಕ್ಟರು, ಇನ್ನು ಕರುಳಿಗೆ ಬೇರಿಯಂ ಬಿಟ್ಟು ಎಕ್ಸ್‌ರೇ ತೆಗೆಯಬೇಕು ಎಂದರು. ಒಳಗೇನಾದರೂ ಬೆಳೆದಿದ್ದರೆ ಆರು ವರ್ಷದ ಮಗಳ ಗತಿಯೇನು ಎಂಬ ಭಯ ನನಗೆ. ಅತ್ತೆಗೆ ಅಂಥ ಭಯವೇನಿರಲಿಲ್ಲ.

"ನೀರು ಕುಡಿಯಲ್ಲ, ಸೊಪ್ಪು ತಿನ್ನಲ್ಲ. ಇನ್ನೇನಾಗತ್ತೆ?"

ಹೊಳೆನರಸೀಪುರದಲ್ಲಿ ನಮ್ಮದು ಅರ್ಚಕರ ಮನೆ. ದೇವರ ನೈವೇದ್ಯದ ಅಡುಗೆ ನನ್ನದು. ಬೆಳಿಗ್ಗೆ ಐದಕ್ಕೆ ಮಿಂದು ಮಡಿಯುಟ್ಟು ಒಲೆ ಮುಂದೆ ನಿಂತರೆ ಹನ್ನೊಂದರವರೆಗೆ ಕಕ್ಕಸಿನ ಕಡೆ ತಲೆ ಹಾಕುವಂತಿಲ್ಲ. ಹೋದರೆ ಮಡಿ ಕೆಟ್ಟಿತು. ಮತ್ತೆ ತಲೆಗೆ ಸ್ನಾನ, ಅಡುಗೆ ಮೊದಲಿಂದ. ನನ್ನ ಹೊಟ್ಟೆಗೋ ಸರಿಯಾಗಿ ಏಳಕ್ಕೆ ನೆನಪಾಗುತ್ತಿತ್ತು. ತಡೆದುಕೊಳ್ಳುತ್ತಿದ್ದೆ. ಹನ್ನೊಂದಕ್ಕೆ ಹೋಗಿ ಕೂತರೆ ಅದು ಮುನಿಸಿಕೊಂಡಿರುತ್ತಿತ್ತು.

ಬೇರಿಯಂ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಹರಳೆಣ್ಣೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕಿತ್ತು. ಅಂದು ದ್ವಾದಶಿ, ಏಕಾದಶಿಯ ಉಪವಾಸ ಬಿಡುವ ಪಾರಣೆಗೆ ಹತ್ತು ಎಲೆ. ಕುಡಿದರೆ ಒಲೆ ಮುಂದೆ ನಿಲ್ಲುವುದು ಹೇಗೆ? ಎಣ್ಣೆಯನ್ನು ಬಚ್ಚಲಿಗೆ ಸುರಿದೆ.

ಮಾರನೆಯ ದಿನ ಮೊದಲೊಂದು ಸಾದಾ ಎಕ್ಸ್‌ರೇ ತೆಗೆದರು. ಅದನ್ನು ನೋಡಿ ಆಯಾ ಎಲ್ಲರೆದುರು ಕೂಗಿದಳು: "ಏನಮ್ಮಾ, ಒಟ್ಟೆ ತುಂಬಾ ಅಂಗೇ ಐತಲ್ಲ! ಎಣ್ಣೆ ಕುಡೀನಿಲ್ವಾ?"

"ಕುಡಿದಿದ್ದಾಳೆ. ನನ್ನೆದುರಿಗೇ ಕುಡಿದಳು," ಎಂದ ಗಂಡ. ನಾನು ಎಣ್ಣೆ ಸುರಿದ ಹೊತ್ತಿಗೆ ಅವನು ದೇವಸ್ಥಾನದಲ್ಲಿದ್ದ. ನಾನು ಒಂದು ಲೋಟ ನೀರು ಕುಡಿದದ್ದನ್ನೂ ಎಂದೂ ಕಂಡವನಲ್ಲ.

ಡಾಕ್ಟರ ಮುಂದೆ ನಾನೇ ಬಾಯಿಬಿಟ್ಟೆ. "ಎಣ್ಣೆ ಚೆಲ್ಲಿಬಿಟ್ಟೆ ಡಾಕ್ಟ್ರೇ. ನೈವೇದ್ಯ ಆಗಿರಲಿಲ್ಲ."

ಅವರು ಫಿಲ್ಮನ್ನು ಮೇಜಿನ ಮೇಲಿಟ್ಟರು. "ದಿನಾ ಹೀಗೇ ತಡ್ಕೋತೀರಾ?"

"ಒಂಬತ್ತು ವರ್ಷದಿಂದ."

ಹಾಗಂತ ಪರೀಕ್ಷೆ ತಪ್ಪಲಿಲ್ಲ. ಮುಂದಿನ ವಾರ ಎಣ್ಣೆ ಕುಡಿದೇ ಹೋದೆ. ಅಂದಿನ ಅಡುಗೆಯನ್ನು ಅತ್ತೆ ಗೊಣಗಿಕೊಂಡು ಮಾಡಿದರು. ತಣ್ಣನೆಯ ಮೇಜು, ಹಿಂದಿನಿಂದ ಕೊಳವೆ, ಸುಣ್ಣದ ನೀರಿನಂಥ ದ್ರವ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಉಸಿರು ಹಿಡಿ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಈ ಮೇಜಿನ ಮೇಲೆ ಮಲಗಬೇಕಾದವಳು ನಾನಲ್ಲ, ಆ ಮನೆ ಎಂದು ಹಲ್ಲು ಕಚ್ಚಿಕೊಂಡೆ.

"ಏನೂ ಬೆಳೆದಿಲ್ಲ," ಎಂದರು ಡಾಕ್ಟರು, ನನ್ನ ಗಂಡನ ಮುಖವನ್ನೇ ನೋಡುತ್ತಾ. "ತಡೆದೂ ತಡೆದೂ ಕರುಳಿಗೆ ಅಭ್ಯಾಸ ತಪ್ಪಿದೆ. ಬಂದಾಗ ಹೋಗಬೇಕು, ಅಷ್ಟೇ."

"ಅಮ್ಮನ್ನ ಒಂದು ಮಾತು ಕೇಳ್ಬೇಕು ಸಾರ್," ಎಂದ ಗಂಡ.

ನಾನು ಕೇಳಲಿಲ್ಲ. ಮಾರನೆಯ ದಿನ ಏಳಕ್ಕೆ, ಅನ್ನ ಕುದಿಯುತ್ತಿರುವಾಗಲೇ ಒಲೆ ಬಿಟ್ಟು ಹೊರಟೆ. ಹಿತ್ತಲ ಬಾಗಿಲಿಗೆ ಅತ್ತೆ ಅಡ್ಡ ನಿಂತರು.

"ನಾನು ನಲವತ್ತು ವರ್ಷ ತಡ್ಕೊಂಡಿಲ್ವೇನೇ? ಮೂಲವ್ಯಾಧಿಯಾಗಿ ರಕ್ತ ಹೋಗ್ತಿದ್ರೂ ಒಲೆ ಬಿಟ್ಟು ಎದ್ದವಳಲ್ಲ!"

ಆ ರಕ್ತದ ವಿಷಯ ನಾನು ಕೇಳಿದ್ದು ಅದೇ ಮೊದಲು. ಅಂಥ ನೋವು ಗೊತ್ತಿದ್ದೂ ನನ್ನನ್ನು ಅದೇ ಒಲೆಯ ಮುಂದೆ ನಿಲ್ಲಿಸಿದ್ದರು. ಕನಿಕರ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ, ಇಂದಿಗೂ ಹುಟ್ಟಿಲ್ಲ. ಅವರ ತೋಳು ಸರಿಸಿ ಕಕ್ಕಸಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡೆ.